ಕೆಟಲಿನ ಸದ್ದು

ಹ್ಯಾಲಿಫ್ಯಾಕ್ಸ್, ಗುರುವಾರ

ಮನೆ ಮಾಲೀಕರಾದ ಹೋಲ್ರಾಯ್ಡ್ ಅವರಿಗೆ,

ಮನೆ ಬಿಸಿ ಮಾಡುವ ಬಾಯ್ಲರ್ ವಿಚಿತ್ರ ಸದ್ದು ಮಾಡುತ್ತಿದೆ ಎಂದು ನಾನು ಅಷ್ಟು ದೂರಿದ ಮೇಲೆ ನೀವು ಕಳಿಸಿದ ರಿಪೇರಿಯವನು ನಿನ್ನೆ ಬಂದಿದ್ದ. ಕಿವಿಗೊಟ್ಟು ಕೇಳಿ, "ಒಳಗೆ ನೀರಿನ ಸುಣ್ಣ ಕಟ್ಟಿದೆ ಅಮ್ಮಾ, ನೀರು ಚಹಾ ಕೆಟಲ್ ಥರ ಕುದೀತಿದೆ. ನಮ್ಮ ಕಸುಬಿನವರು ಇದನ್ನ 'ಬಾಯ್ಲರ್ ಕೆಟಲ್ ಇಟ್ಟಿದೆ' ಅಂತಾನೇ ಅನ್ನೋದು," ಎಂದ. ಹೊಸ ಭಾಗ ಬರುವವರೆಗೆ ಹಚ್ಚಬೇಡಿ ಎಂದು ಆರಿಸಿ ಹೋದ.

ನನ್ನ ಗಂಡ ವಿಲ್ಫ್‌ಗೆ ಮರೆವಿನ ಕಾಯಿಲೆ ಇರುವುದು ನಿಮಗೆ ಗೊತ್ತು. ಆ ಸದ್ದು ಬಂದಾಗಲೆಲ್ಲ ಅವರು, "ನೋಡೇ, ಗ್ಲೆನಿಸ್ ಬಂದ್ಲು, ಚಹಾಕ್ಕೆ ಇಡ್ತಿದಾಳೆ," ಎಂದು ಮೇಜಿನ ಮೇಲೆ ಮೂರು ಕಪ್ ಇಡುತ್ತಿದ್ದರು. ನಮ್ಮ ಮಗಳು ಗ್ಲೆನಿಸ್‌ಳನ್ನು ಮಣ್ಣು ಮಾಡಿದ್ದು ಈ ವಸಂತದಲ್ಲಿ. ಪ್ರತಿ ಸಲವೂ ನಾನು ಬೈದು ಮೂರನೆಯ ಕಪ್ಪನ್ನು ಎತ್ತಿಡುತ್ತಿದ್ದೆ.

ಈಗ ಮನೆ ತಣ್ಣಗಿದೆ, ಸದ್ದಿಲ್ಲ. ವಿಲ್ಫ್ ಕೋಟು ತೊಟ್ಟುಕೊಂಡೇ ಕೂತಿದ್ದಾರೆ. ಬೆಳಿಗ್ಗೆ ತಾವಾಗಿಯೇ ಎರಡು ಕಪ್ ಇಟ್ಟರು. ನನಗೆ ಎತ್ತಿಡಲು ಮೂರನೆಯದು ಇರಲಿಲ್ಲ.

ಚಳಿ ಜೋರಾಗಿದೆ, ಬಾಯ್ಲರನ್ನು ಬೇಗ ಸರಿ ಮಾಡಿಸಿ. ಒಂಚೂರು ಸುಣ್ಣವನ್ನು ಒಳಗೇ ಬಿಡಲು ಆಗುತ್ತದೆಯೇ ಎಂದು ಮಾತ್ರ ಆ ರಿಪೇರಿಯವನನ್ನು ಕೇಳಿ.

ನಿಮ್ಮ ಬಾಡಿಗೆದಾರಳು,
ಎನಿಡ್ ಸಟ್‌ಕ್ಲಿಫ್