ಎದೆಯ ಮೇಲೆ ಕಾಣದ ಲಿಂಗ

ಶಿರಸಿ
೧೨-೨-೧೯೬೦, ಶುಕ್ರವಾರ

ಬನವಾಸಿಯಲ್ಲಿರುವ ಯಜಮಾನರಿಗೆ ಗುರುಶಾಂತವ್ವ ಮಾಡುವ ಶರಣು.

ನಾನೂ ನಿಮ್ಮ ಮಗಳೂ ತಂಗಿ ದೇವಕ್ಕನ ಮನೆಯಲ್ಲಿ ಆರಾಮಾಗಿದ್ದೇವೆ. ನೀವು ಆರಾಮಿದ್ದೀರೋ ಇಲ್ಲವೋ ಎಂದು ಕೇಳುವುದಿಲ್ಲ. ನಿಮ್ಮ ಕಾರ್ಡು ಓದಿದ ಮೇಲೆ ಆ ಚಿಂತೆ ನನಗೆ ಉಳಿದಿಲ್ಲ.

ಇಂಥ ಮಾತನ್ನು ಯಾರಾದರೂ ಕಾರ್ಡಿನಲ್ಲಿ ಬರೆಯುತ್ತಾರೆಯೇ? ಅಂಚೆಯವನು ಓದಿದ, ದೇವಕ್ಕನ ಅತ್ತೆ ಓದಿಸಿಕೊಂಡಳು, ಎದುರು ಮನೆಯವರಿಗೂ ಗೊತ್ತಾಯಿತು, ಕಡೆಗೆ ನನ್ನ ಕೈಗೆ ಬಂತು. ನಾನು ಲಕೋಟೆಯಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮರ್ಯಾದೆ ನಿಮಗೆ ಬೇಡವಾದರೂ ನನಗೆ ಬೇಕು.

ಅನ್ನಪೂರ್ಣ ಸಿನಿಮಾದಲ್ಲಿ ಕೃಷ್ಣನ ವೇಷ ಹಾಕಿದ್ದಾಳೆ, ಎದೆಯ ಮೇಲೆ ಮುತ್ತಿನ ಸರ ಇದೆ, ಲಿಂಗವಿಲ್ಲ, ಲಿಂಗ ಬಿಟ್ಟವಳು ಹೊಸ್ತಿಲು ತುಳಿಯಬಾರದು ಎಂದು ಬರೆದಿದ್ದೀರಿ. ಸೋಮವಾರ ಮಠದಲ್ಲಿ ಚನ್ನಯ್ಯನವರ ಮುಂದೆ ನಿಂತು, ಇನ್ನು ಬಣ್ಣ ಹಚ್ಚುವುದಿಲ್ಲ ಎಂದು ಆಣೆ ಮಾಡಿದರೆ ಹೊಸದಾಗಿ ದೀಕ್ಷೆ ಕೊಟ್ಟು ಒಳಗೆ ಕರೆದುಕೊಳ್ಳುತ್ತಾರಂತೆ. ಇಲ್ಲದಿದ್ದರೆ ತಾಯಿ ಮಗಳು ಇಬ್ಬರೂ ಬನವಾಸಿಯ ದಾರಿ ಮರೆಯಬೇಕಂತೆ. ಎಂಟು ವರ್ಷದ ಹುಡುಗಿಯನ್ನು ಊರ ಹಿರಿಯರೆಲ್ಲ ಕೂಡಿ ನಿಲ್ಲಿಸಿ ಕೇಳುವಷ್ಟು ದೊಡ್ಡ ತಪ್ಪು ಅವಳು ಏನು ಮಾಡಿದ್ದಾಳೆ?

ಅವಳಿಗೆ ಬಣ್ಣ ಹಚ್ಚಿಸಿದವರು ಯಾರು ಎಂಬುದು ಮರೆತುಹೋಯಿತೇ? ನಾಟಕದ ಕಂಪನಿ ಶಿರಸಿಯಲ್ಲಿ ಮೊಕ್ಕಾಂ ಮಾಡಿದ್ದಾಗ ಅವರ ಬಾಲನಟನಿಗೆ ಮೈತುಂಬ ದಡಾರ ಎದ್ದು ಮಲಗಿದ್ದ. ನಾಲ್ಕು ವರ್ಷದ ಅನ್ನಪೂರ್ಣೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ, ನಮ್ಮದು ಐತಿ ತಗೋರಿ ಎಂದವರು ನೀವು. ಕಂಪನಿಯವರು ಮದ್ರಾಸಿನ ದಾರಿ ತೋರಿಸಿದಾಗ ಹೋಗಿ ಬನ್ನಿರೆಂದವರೂ ನೀವೇ. ಮೊದಲ ಚಿತ್ರದಲ್ಲಿ ಅವಳು ದೀಪ ಹಿಡಿದು ನಿಂತದ್ದಷ್ಟೇ. ಕಣ್ಣು ಮಿಟುಕಿಸಿದರೆ ಕಾಣುತ್ತಿರಲಿಲ್ಲ. ಅದಕ್ಕೇ ಪೇಟೆಗೆಲ್ಲ ಪೇಢೆ ಹಂಚಿದಿರಿ. ಎರಡನೆಯದರಲ್ಲಿ ತಾಯಿ ಸತ್ತಾಗ ಅಳಬೇಕಿತ್ತು. ಕಣ್ಣಿಗೆ ಹಾಕುವ ನೀರಿನ ಶೀಶೆ ತಂದರೆ ಬೇಡವೆಂದು ತಳ್ಳಿ, ತಾನಾಗಿಯೇ ಅತ್ತಳು. ಹೇಗೆ ಅತ್ತೆ ಎಂದು ಕೇಳಿದರೆ, ನಾವು ಮಾರಿದ ಕಂದು ಆಕಳು ತಿರುಗಿ ನೋಡಿದ್ದು ನೆನಪಾಯಿತು ಎಂದಳು. ಈ ಹುಡುಗಿಗೆ ಕಲೆ ಎಲ್ಲಿಂದ ಬಂತೆಂದು ನನಗೆ ತಿಳಿಯದು. ಬಂದದ್ದನ್ನು ಆಣೆ ಹಾಕಿ ಕೊಲ್ಲಲು ನಾನು ತಯಾರಿಲ್ಲ.

ಈಗ ಲಿಂಗದ ಮಾತು. ಕೃಷ್ಣನ ವೇಷದ ಮೊದಲ ದಿನ ಉಡುಪಿನವನು ಅವಳ ಕೊರಳಲ್ಲಿದ್ದ ಲಿಂಗದ ಕರಡಿಗೆಗೆ ಕೈ ಹಾಕಿ, ಇದನ್ನು ತೆಗೆಯಿರಿ, ಕೃಷ್ಣನ ಕೊರಳಲ್ಲಿ ಇದು ಇರಬಾರದು ಎಂದ. ನಾನು ಮಗಳ ಕೈ ಹಿಡಿದುಕೊಂಡು ಸ್ಟುಡಿಯೋದ ಗೇಟಿನವರೆಗೆ ನಡೆದುಬಿಟ್ಟೆ. ಮೈಮೇಲಿನ ಲಿಂಗ ಪ್ರಾಣ ಹೋದ ಮೇಲೂ ಜೊತೆಗೇ ಹೋಗುವಂಥದ್ದು, ನಿಮಗೆ ಬೇರೆ ಕೃಷ್ಣ ಸಿಗುತ್ತಾನೆ, ಹುಡುಕಿಕೊಳ್ಳಿ ಎಂದೆ. ಭಾಷೆ ಬಾರದ ಊರು, ಗುರುತಿನವರು ಒಬ್ಬರಿಲ್ಲ, ಆದರೂ ಅಂದೆ. ಅರ್ಧ ದಿನ ಕೆಲಸ ನಿಂತಿತು.

ಗೇಟಿನ ಬಳಿ ಕೂತಿದ್ದಾಗ ನನಗೆ ನೆನಪಾದದ್ದು ಚನ್ನಯ್ಯನವರ ಮಾತೇ. ಅನ್ನಪೂರ್ಣಳ ದೀಕ್ಷೆಯ ದಿನ ನಮ್ಮ ಪಡಸಾಲೆಯಲ್ಲಿ ಕೂತು ಹೇಳಿದ್ದರು: "ತಲಿ, ಕೊಳ್ಳು, ಎದಿ, ಕಂಕಳ, ಅಂಗೈ, ಎಲ್ಲೆ ಬೇಕಾದಲ್ಲೆ ಇರ್ಲಿ. ಹೊಕ್ಕಳದ ಕೆಳಗ ಇಳೀಬಾರ್ದು, ಮೈ ಬಿಟ್ಟು ಹೋಗಬಾರ್ದು, ತಿಳೀತ?" ನೀವು ಅವರಿಗೆ ಹಾಲು ಕೊಡುತ್ತಿದ್ದಿರಿ. ಅದು ನೆನಪಾದದ್ದೇ ಗೇಟಿನಿಂದ ಎದ್ದು ಸ್ಟುಡಿಯೋದ ಒಳಗೆ ಹೋದೆ. ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಬಿಳಿ ಬಟ್ಟೆಯಲ್ಲಿ ಸುತ್ತಿ, ಅವಳ ನೆತ್ತಿಯ ತುರುಬಿನೊಳಗೆ ಕಟ್ಟಿ, ಮೇಲೆ ಕಿರೀಟ ಇಡಿಸಿದೆ. ಇಪ್ಪತ್ತೆರಡು ದಿನ, ದಿನವೂ ನನ್ನ ಕೈಯಿಂದಲೇ ಕಟ್ಟಿದ್ದೇನೆ. ನೀವೆಲ್ಲ ಎದೆ ನೋಡಿದಿರಿ. ಕಿರೀಟ ಅಷ್ಟು ಎತ್ತರ ಯಾಕಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಇನ್ನೊಂದು ಸಂಗತಿ ನನಗೆ ಗೊತ್ತಾಗಿದೆ. ನೀವು ಚಿತ್ರ ನೋಡಲು ಇಲ್ಲಿಯವರೆಗೆ ಬಂದಿದ್ದಿರಂತೆ. ನಾವು ಇಲ್ಲಿಯೇ ಇದ್ದೇವೆಂದು ತಿಳಿದೂ ಮನೆಗೆ ಬಾರದೆ, ತಲೆಗೆ ಟವೆಲು ಸುತ್ತಿಕೊಂಡು ಟೆಂಟಿನ ನೆಲದ ಮೇಲೆ ಕೂತಿದ್ದಿರಂತೆ. ಪಕ್ಕದ ಮನೆಯ ಸಿದ್ದವ್ವ ನಿನ್ನೆ ಶಿರಸಿ ಪೇಟೆಗೆ ಬಂದಾಗ ಎಲ್ಲ ಹೇಳಿದಳು. ಬೆಣ್ಣೆ ಕದ್ದ ಕೃಷ್ಣನ ಕಿವಿ ಹಿಡಿದು ಯಶೋದೆ, ಬಾಯಿ ತೆರೆ ಎನ್ನುತ್ತಾಳೆ. ಇವಳು ಉಬ್ಬಿದ ಕೆನ್ನೆಯಲ್ಲೇ ತಲೆಯಾಡಿಸಿ ಓಡಿಹೋಗುತ್ತಾಳೆ. ಆಗ ನೀವು ಗಟ್ಟಿಯಾಗಿ ನಕ್ಕು, "ನನ್ನ ಮಗಳು ನೋಡ್ರಿ ಆಕಿ" ಎಂದು ಗುರುತಿಲ್ಲದವರಿಗೂ ಹೇಳಿದಿರಂತೆ. ಕೇಳಿ ನನಗೆ ಅಳು ಬಂತು. ಮರುದಿನ ಮಠದಲ್ಲಿ ಅದೇ ನೀವು ತಲೆ ತಗ್ಗಿಸಿ ಕೂತಿದ್ದಿರಂತೆ. ಟೆಂಟಿನಲ್ಲಿ ಮಗಳಾಗಿದ್ದವಳು ಮಠದಲ್ಲಿ ಯಾರೂ ಅಲ್ಲವಾದಳೇ? ಅವಳ ತಾಯಿಯನ್ನು ಒಂದು ಮಾತು ಕೇಳಿ ಬರುತ್ತೇನೆ ಎನ್ನಲು ನಿಮಗೆ ನಾಲಗೆ ಇರಲಿಲ್ಲವೇ? ಸಿಟ್ಟು ಬಂದದ್ದು ಚನ್ನಯ್ಯನವರ ಮೇಲಲ್ಲ, ನಿಮ್ಮ ಮೇಲೆ.

ನೀವು ನಕ್ಕ ಆ ದೃಶ್ಯಕ್ಕೆ ನಾನು ಅವಳನ್ನು ಹೊಡೆದಿದ್ದೇನೆ. ಅವಳು ಬಾಯಿ ತೆರೆದು ಒಂದು ಮಾತು ಆಡಬೇಕೆಂದು ಮೊದಲು ಗೊತ್ತುಮಾಡಿದ್ದರು. ಮೂರು ಸಲ ತೆಗೆದರೂ ಬಾಯಿ ತೆರೆಯಲಿಲ್ಲ. ದೀಪಗಳಿರುವ ಕಡೆಗೆ ತಾಯಂದಿರನ್ನು ಬಿಡುವುದಿಲ್ಲ, ಹೊರಗೆ ಬೆಂಚಿನ ಮೇಲಿದ್ದ ನನಗೆ ನಿರ್ದೇಶಕರು ಕೂಗಾಡಿದ್ದಷ್ಟೇ ಕೇಳಿಸಿತು. ಆಮೇಲೆ ಅವರೇ ಇದು ಇನ್ನೂ ಚೆನ್ನಾಗಿದೆ ಎಂದು ಇಟ್ಟುಕೊಂಡರು. ಆದರೂ ಸಂಜೆ ಕೋಣೆಗೆ ಬಂದ ಮೇಲೆ ತೊಡೆ ಚಿವುಟಿ, ಬೆನ್ನಿಗೆ ಎರಡು ಬಾರಿಸಿದೆ. ಆ ಹಟ ನಿಮ್ಮ ಮನೆತನದ್ದು. ಎಷ್ಟು ಹೊಡೆದರೂ ಯಾಕೆಂದು ಹೇಳಲಿಲ್ಲ.

ಆಣೆ ಮಾಡಿಸುವುದಿಲ್ಲ. ಸೋಮವಾರ ಬೆಳಗಿನ ಎಂಟರ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ಮದ್ರಾಸಿನ ರೈಲು ಹಿಡಿಯುತ್ತೇವೆ. ಹೊಸ ಚಿತ್ರದಲ್ಲಿ ಅವಳದು ಕುರುಡ ಅಜ್ಜನ ಕೋಲು ಹಿಡಿದು ನಡೆಸುವ ಹುಡುಗಿಯ ಪಾತ್ರ. ಈಗಲೇ ದೇವಕ್ಕನ ಮಾವನ ಕೋಲು ಹಿಡಿದು ಅಂಗಳದಲ್ಲಿ ತಿರುಗಾಡಿಸುತ್ತಿದ್ದಾಳೆ, ಕಣ್ಣು ಚೆನ್ನಾಗಿರುವ ಆ ಮುದುಕರು ಸಾಕಾಗಿ ಕೂತಿದ್ದಾರೆ. ಚಿತ್ರದಲ್ಲಿ ಇವಳ ಹೆಸರನ್ನು ಬನವಾಸಿ ಅನ್ನಪೂರ್ಣ ಎಂದೇ ಹಾಕಬೇಕೆಂದು ನಾನು ಬರೆಸಿಕೊಂಡಿದ್ದೇನೆ. ಊರು ನಮ್ಮನ್ನು ಬಿಟ್ಟರೂ ನಾವು ಊರನ್ನು ಬಿಡುವುದಿಲ್ಲ.

ಬಾಗಿಲು ಹಾಕುವುದಾದರೆ ಹಾಕಿಕೊಳ್ಳಿ. ಅದರ ಚಿಲಕ ಸಡಿಲವಾಗಿದೆ, ಮೂರು ವರ್ಷದಿಂದ ಹೇಳುತ್ತಿದ್ದೇನೆ. ಬರೆದದ್ದನ್ನು ನೋಡಿ ದೇವಕ್ಕ, "ಅಕ್ಕಾ, ಗಂಡಗ ಇಷ್ಟು ಜೋರ ಬರೀತಾರೇನ?" ಎನ್ನುತ್ತಿದ್ದಾಳೆ. ನನಗೂ ಹೆದರಿಕೆ ಇದೆ. ಹದಿಮೂರು ವರ್ಷ ಬಾಳಿದ ಮನೆ ಅದು. ಆದರೆ ಹೆದರಿಕೆಗೆ ಮಗಳಿಂದ ಸುಳ್ಳು ಆಣೆ ಮಾಡಿಸಿದರೆ ನಾಳೆ ಅವಳ ಮುಖ ಹೇಗೆ ನೋಡಲಿ?

ನಿಮಗೆ ಸೇರುವ ಶೇಂಗಾ ಚಟ್ನಿಪುಡಿ ಕುಟ್ಟಿ ಡಬ್ಬಿಯಲ್ಲಿ ತುಂಬಿ ದೇವಕ್ಕನ ಬಳಿ ಇಟ್ಟಿದ್ದೇನೆ. ಸಿಟ್ಟು ಬೇರೆ, ಊಟ ಬೇರೆ.

ತಪ್ಪು ಮಾಡದ ಮಗಳ ತಾಯಿ,
ಗುರುಶಾಂತವ್ವ

ತಾ.ಕ.: ಅಪ್ಪಾ, ಇದನ್ನು ಬರೆಯುವವಳು ಅನ್ನಪೂರ್ಣ. ಅಂಚೆ ಡಬ್ಬಿಗೆ ಹಾಕಿ ಬಾ ಎಂದು ಅವ್ವ ಲಕೋಟೆ ಕೊಟ್ಟಳು. ಅಂಟು ಇನ್ನೂ ಹಸಿ ಇತ್ತು, ತೆಗೆದೆ. ಅವ್ವನಿಗೆ ಒಂದು ಗೊತ್ತಿಲ್ಲ. ಬೆಣ್ಣೆಯ ದಿನ ಉಡುಪಿನವನು ಕಿರೀಟ ಸರಿಮಾಡಲು ಹೋದಾಗ ನನ್ನ ತುರುಬು ಬಿಚ್ಚಿತು. ಬಟ್ಟೆ ಜಾರಿ ಲಿಂಗ ಅಂಗೈಗೆ ಬಿತ್ತು. ಕೈಯೆಲ್ಲ ಬೆಣ್ಣೆ, ಜಾರುತ್ತಿತ್ತು, ಗಡಿಗೆ ಬೇರೆ ಹಿಡಿಯಬೇಕು. ಸೊಂಟದಲ್ಲಿ ಸಿಕ್ಕಿಸಿಕೊಂಡರೆ ಹೊಕ್ಕಳದ ಕೆಳಗೆ ಆಗುತ್ತದೆ. ಎದೆಯ ಮೇಲೆ ಇಟ್ಟುಕೊಳ್ಳಲು ಬಿಡುವುದಿಲ್ಲ. ಅದಕ್ಕೇ ಬಾಯಲ್ಲಿ ಇಟ್ಟುಕೊಂಡೆ. ನೀವು ನಕ್ಕಾಗ ನನ್ನ ಕೆನ್ನೆಯಲ್ಲಿ ಇದ್ದದ್ದು ಬೆಣ್ಣೆ ಅಲ್ಲ. ಹೇಳಿದರೆ ತುರುಬು ಗಟ್ಟಿ ಕಟ್ಟಲಿಲ್ಲ ಎಂದು ಅವ್ವ ಅಳುತ್ತಾಳೆ, ನೀವೂ ಹೇಳಬೇಡಿ. ಚನ್ನಯ್ಯ ಅಜ್ಜ ಹೇಳಿದ ಜಾಗಗಳಲ್ಲಿ ಬಾಯಿ ಇರಲಿಲ್ಲ. ಅದು ನಡೆಯುತ್ತದೋ ಇಲ್ಲವೋ ಕೇಳಿಕೊಂಡು ಸೋಮವಾರ ಎಂಟಕ್ಕೆ ಬಸ್ಸಿನ ಹತ್ತಿರ ಬನ್ನಿ. ನಡೆಯುವುದಿಲ್ಲ ಎಂದರೂ ಬನ್ನಿ.