ಗಟ್ಟಿ ಅಂದರೆ ಏನು, ಸಾಹೇಬರೇ?

ಮಾನ್ಯ ಆಡಳಿತಾಧಿಕಾರಿಗಳೇ,

ಹೌದು, ನನ್ನ ಗಂಡನ ಬಾಯಿಗೆ ಅನ್ನದ ಉಂಡೆ ಇಟ್ಟವಳು ನಾನೇ. ನಿಮ್ಮ ಆಸ್ಪತ್ರೆಯ ವರಾಂಡದಲ್ಲಿ, ಊರ ಮಂದಿಯೆಲ್ಲ ಕೇಳುವ ಹಾಗೆ, 'ಹೆಂಡತಿಯೇ ತುರುಕಿದ್ದಾಳೆ, ನಾವೇನು ಮಾಡೋಣ?' ಎಂದು ತಾವು ಅಪ್ಪಣೆ ಕೊಡಿಸಿದಿರಲ್ಲ, ಆ ಹೆಂಡತಿ. ಇವತ್ತು ಮಾತಾಡುವ ಸರದಿ ನನ್ನದು, ಕೂತು ಕೇಳಿ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಕಾರವಾರದಲ್ಲಿ ಬೇರೆ ಯಾರಿಗೂ ಗೊತ್ತಾಗದಿದ್ದರೂ ತಮಗೆ ಗೊತ್ತಾಗುತ್ತದೆ, ಅಷ್ಟು ಸಾಕು.

ನನ್ನ ಗಂಡ ದತ್ತಾ ಹಾರವಾಡದಲ್ಲಿ ತಾಂಡೇಲ, ದೋಣಿ ನಡೆಸುವ ಯಜಮಾನ. ಅವರು ಒಮ್ಮೆ ಕೂಗಿದರೆ ದಡದಲ್ಲಿ ಮಲಗಿದ ನಾಯಿಗಳೂ ಎದ್ದು ನಿಲ್ಲುತ್ತಿದ್ದವು. ಈ ಸಲ ಮಳೆಗಾಲ ಮುಗಿದು ದೋಣಿ ಇಳಿಸುವ ಹೊತ್ತಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು, ನುಂಗುವುದೂ ಅರ್ಧ ಹೋಯಿತು. ನೀರು ಕುಡಿಸಿದರೆ ಕೆಮ್ಮಿ ಕೆಮ್ಮಿ ಒದ್ದಾಡುತ್ತಿದ್ದರು. ನಾಲಿಗೆಯ ಮೇಲೆ ಉಳಿದದ್ದು ಒಂದೇ ಒಂದು ಬೈಗುಳ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಹಸಿವಾದರೂ ಅದೇ, ನೋವಾದರೂ ಅದೇ, ನನ್ನ ಮೇಲೆ ಪ್ರೀತಿ ಉಕ್ಕಿದರೂ ಅದೇ.

ನಿಮ್ಮಲ್ಲಿಗೆ ವಾರಕ್ಕೊಮ್ಮೆ ಬಂದು ಮಾತು, ನುಂಗುವುದು ಎರಡನ್ನೂ ಕಲಿಸುವ ಸ್ಪೀಚ್ ಥೆರಪಿ ಮೇಡಂ ಮೇಲೆ ನನಗೆ ಸಿಟ್ಟಿಲ್ಲ. ಘಟ್ಟದ ಮೇಲಿನವರು, ಪಾಪದವರು. ಹೊರಗೆ ಅಷ್ಟುದ್ದ ಕ್ಯೂ, ನಿಮ್ಮ ಅಟೆಂಡರ್ 'ಬೇಗ, ಬೇಗ' ಎಂದು ಬಾಗಿಲು ಬಡಿಯುತ್ತಿದ್ದ. ಅವರು ಒಂದೇ ಉಸಿರಿಗೆ ಹೇಳಿದರು. ನೆಟ್ಟಗೆ ಕೂರಿಸಿ, ಗದ್ದ ಕೆಳಗೆ ಮಾಡಿಸಿ, ನಾಲಿಗೆ ಹೀಗೆ ಹೊರಳಿಸಿ, ಗುಳಿಗೆ ಪುಡಿ ಮಾಡಿ. 'ಮತ್ತೆ ನೀರು ನೀರಾಗಿ ಏನೂ ಕೊಡಬೇಡಿ, ಗಟ್ಟಿ ಮಾಡಿ ಕೊಡಿ. ಅರ್ಥ ಆಯ್ತಾ?' ನಾನು 'ಹೂಂ' ಅಂದೆ. ಗಂಡ ಉಳಿಯುತ್ತಾನೋ ಇಲ್ಲವೋ ಎಂದು ನಿದ್ದೆಗೆಟ್ಟು ಕೂತವಳು ಹೂಂ ಅನ್ನದೆ ಇನ್ನೆಂತ ಅನ್ನಬೇಕಿತ್ತು ಮಾರಾಯ್ರೆ? ಅರ್ಥ ಆಯ್ತಾ ಎಂದು ಬಿಳಿ ಕೋಟಿನವರು ಕೇಳಿದಾಗ ಇಲ್ಲ ಎಂದವರನ್ನು ತಾವು ತಮ್ಮ ಸರ್ವಿಸಿನಲ್ಲಿ ಎಷ್ಟು ಮಂದಿ ಕಂಡಿದ್ದೀರಿ?

ನಮ್ಮ ಮನೆಮಾತು ಕೊಂಕಣಿ. ನಿಮ್ಮ 'ಗಟ್ಟಿ' ನಮ್ಮ ಕಿವಿಗೆ 'ಘಟ್ಟ', ಅಂದರೆ ಗಡುಸಾದದ್ದು, ಒತ್ತಿದರೆ ಬಗ್ಗದ್ದು. ಮಂದವಾದ ಸಾರಿಗೆ, ಮಂದವಾದ ಪೇಜೆಗೆ 'ದಾಟ' ಎಂಬ ಬೇರೆಯೇ ಶಬ್ದ ಉಂಟು. ಪೇಜ ಅಂದರೆ ನಿಮ್ಮ ಗಂಜಿ. ಮೇಡಂ 'ದಾಟ' ಅಂದಿದ್ದರೆ ನಾನು ಅರೆಗಳಿಗೆಯಲ್ಲಿ ಮಾಡಿ ತರುತ್ತಿದ್ದೆ. ಅವರಿಗೆ ಆ ಶಬ್ದ ಗೊತ್ತಿಲ್ಲ, ಅವರಿಗೆ ಗೊತ್ತಿಲ್ಲ ಎಂದು ನನಗೆ ಗೊತ್ತಿಲ್ಲ. ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವಳಿಗೆ ಗಟ್ಟಿ ಮೊಸರು ಗೊತ್ತಿರಲಿಲ್ಲವೇ ಎಂದು ತಾವು ಕೇಳಬಹುದು. ಆ ಹೊತ್ತಿನಲ್ಲಿ ನನಗೆ ಮೊಸರು ನೆನಪಾಗಲಿಲ್ಲ ಸಾಹೇಬರೇ, ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ. ಮನೆಗೆ ಹೋದವಳು ಕೊಡುತ್ತಿದ್ದ ಪೇಜೆಯನ್ನೂ ನಿಲ್ಲಿಸಿದೆ. ಅದು ನೀರಲ್ಲವೇ? ಅನ್ನವನ್ನು ಹಿಂಡಿ ಹಿಂಡಿ ಉಂಡೆ ಕಟ್ಟಿದೆ, ಮುಳ್ಳು ಬಿಡಿಸಿದ ಬಂಗಡೆ ಅದರೊಳಗೆ ಒತ್ತಿದೆ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ.

ಎರಡನೇ ತುತ್ತಿಗೆ ಅವರ ಕಣ್ಣು ಹೊರಗೆ ಬಂದವು. ಎಡಗೈ ಬೀಸಿದ ರಭಸಕ್ಕೆ ಬಟ್ಟಲು ಗೋಡೆಗೆ ಬಡಿಯಿತು. ಕೆಮ್ಮೂ ಇಲ್ಲ, ಉಸಿರೂ ಇಲ್ಲ, ಮುಖ ಕಪ್ಪಿಡುತ್ತಾ ಬಂತು. ನಾನು ಬಾಯೊಳಗೆ ಬೆರಳು ಹಾಕಿ ಕೆದಕಿದೆ, ಅವರು ಕಚ್ಚಿದರು, ಮೂಳೆಯವರೆಗೆ ಕಚ್ಚಿದರು. ರಕ್ತ ಅವರದೋ ನನ್ನದೋ ತಿಳಿಯಲಿಲ್ಲ. ನಾನು ಅರಚಿದ್ದು ಕೇಳಿ ನೆರೆಮನೆಯ ನಿತೇಶ ಓಡಿ ಬಂದು, ಹಿಂದಿನಿಂದ ಅಪ್ಪಿ ಹಿಡಿದು ಹೊಟ್ಟೆಯ ಮೇಲೆ ಗುದ್ದಿದ, ಮತ್ತೂ ಗುದ್ದಿದ. ಒಂದು ಪಕ್ಕೆಲುಬು ಲಟಕ್ಕೆಂದಿತು, ಆಮೇಲೆ ಉಂಡೆ ಹೊರಗೆ ಬಿತ್ತು. ಒಳಗಿಳಿದ ಅಗುಳು ಶ್ವಾಸಕೋಶದಲ್ಲಿ ಕೂತು ನ್ಯುಮೋನಿಯಾ ಆಯಿತು. ನಿತೇಶನ ಟೆಂಪೋದಲ್ಲೇ ನಿಮ್ಮಲ್ಲಿಗೆ ತಂದೆವು.

ಅಲ್ಲಿ ತಾವು ನಿಂತು ತೀರ್ಪು ಕೊಟ್ಟಿರಿ. 'ಎಲ್ಲಾ ತಿಳಿಸಿ ಹೇಳಿದ್ದೇವೆ. ಗಟ್ಟಿ ಅಂದರೆ ಗೊತ್ತಾಗೋದಿಲ್ವಾ? ಕನ್ನಡ ಬರೋದಿಲ್ವಾ?' ನನ್ನ ಮೈದುನ ರವಿಕಿರಣ ಅದನ್ನು ಕೇಳಿಸಿಕೊಂಡ. 'ವೈನಿ, ನನ್ನ ಅಣ್ಣನನ್ನ ಕೊಲ್ಲಲಿಕ್ಕೆ ಹೊರಟಿದ್ಯಾ?' ಎಂದವನೇ ನನ್ನ ಜುಟ್ಟು ಹಿಡಿದು ಕೆನ್ನೆಗೆ ಬಾರಿಸಿದ. ತಲೆ ಹೋಗಿ ಕಿಟಕಿಯ ಸರಳಿಗೆ ಬಡಿಯಿತು. ತಾವು ಆಗ ಮೊಬೈಲ್ ನೋಡುತ್ತಿದ್ದಿರಿ. ಒಳಗಿನ ಮಂಚದಿಂದ ನನ್ನ ಗಂಡ ತಮ್ಮ ಒಂದೇ ಬೈಗುಳವನ್ನು ಕಟ್ಟಡ ನಡುಗುವ ಹಾಗೆ ಕೂಗಿದರು, ನರ್ಸುಗಳು ಅವರ ಕೈಯನ್ನು ಮಂಚಕ್ಕೆ ಕಟ್ಟಿದರು. ಪೇಷಂಟ್ ವಯಲೆಂಟ್ ಎಂದಿರಿ. ಛೀ! ಅಲ್ಲಿದ್ದವರಲ್ಲಿ ನನ್ನ ಪರವಾಗಿ ಬಾಯಿಬಿಟ್ಟವರು ಅವರೊಬ್ಬರೇ.

ನಿಮ್ಮ ಕ್ಯಾಂಟೀನಿನ ಮಂಜು, 'ಎರಡು ಇಡ್ಲಿ, ಒಂದು ಚಾ, ಸಕ್ಕರೆ ಕಮ್ಮಿ, ಹೌದಲ್ಲ?' ಎಂದು ತಿರುಗಿ ಕೇಳಿಯೇ ಒಳಗೆ ಹೋಗುತ್ತಾನೆ. ಇಡ್ಲಿ ತಪ್ಪಿದರೆ ಗಿರಾಕಿ ಗಲಾಟೆ ಮಾಡುತ್ತಾನೆ. ಮನುಷ್ಯನ ಗಂಟಲು ತಪ್ಪಿದರೆ ಗಲಾಟೆ ಮಾಡುವವರು ಯಾರು? ನೀವು ಏನು ತಿಳಿದುಕೊಂಡಿರಿ, ಹೇಳಿ ನೋಡೋಣ ಎಂದು ಒಂದು ಮಾತು ನನ್ನನ್ನು ಕೇಳಿದ್ದರೆ, 'ಗಟ್ಟಿ ಉಂಡೆ ಕಟ್ಟಿ ಕೊಡ್ತೆ' ಎನ್ನುತ್ತಿದ್ದೆ. ಮೇಡಂ ಹೌಹಾರಿ ಎದ್ದು ನಿಲ್ಲುತ್ತಿದ್ದರು. ಆ ಒಂದು ಮಾತಿಗೆ ನಿಮ್ಮ ಆಸ್ಪತ್ರೆಯಲ್ಲಿ ಪುರಸೊತ್ತಿರಲಿಲ್ಲ.

ಈಗ ಸೋಮವಾರ, ಊಟಕ್ಕೆಂದು ಅವರ ಮೂಗಿಗೆ ಹಾಕಿದ ನಳಿಗೆ ತೆಗೆದು ಮನೆಗೆ ಕಳಿಸುತ್ತಾರಂತೆ. ಮತ್ತೆ ಬಾಯಿಂದಲೇ ಊಟ, ಮತ್ತೆ ನನ್ನದೇ ಕೈ. ನನಗೆ ಹೆದರಿಕೆ ಆಗುತ್ತದೆ, ಬರೆಯಲಿಕ್ಕೆ ನಾಚಿಕೆಯಿಲ್ಲ. ಆದ್ದರಿಂದ ಕೇಳಿ. ಸೋಮವಾರ ಮೇಡಂ ಬಾಗಿಲನ್ನು ಯಾರೂ ಬಡಿಯಕೂಡದು. ಅವರು ನನ್ನೆದುರು ಪೇಜ ಕಲಸಿ ತೋರಿಸಲಿ, ಆಮೇಲೆ ನನ್ನ ಕೈಯಲ್ಲಿ ಕಲಸಿಸಲಿ. ನಾನು ತಿಳಿದದ್ದನ್ನು ಕೊಂಕಣಿಯಲ್ಲಿ ಹೇಳುತ್ತೇನೆ, ಕೊಂಕಣಿ ಬಲ್ಲ ನಿಮ್ಮ ನರ್ಸ್ ಪೂರ್ಣಿಮಾ ನಿಂತು ಕೇಳಲಿ, ತಪ್ಪಿದರೆ ಮತ್ತೆ ಹೇಳಿಸಲಿ. ಮರೆತರೆ ನೋಡಿಕೊಳ್ಳಲು ನನ್ನ ಮೊಬೈಲಿಗೆ ವಿಡಿಯೋ ಮಾಡಿಕೊಡಲಿ. ಮತ್ತೆ ತಾವು ಅದೇ ವರಾಂಡಕ್ಕೆ ಬಂದು, ನನ್ನ ಮೈದುನನ ಎದುರು, ತಪ್ಪು ಇವಳದಲ್ಲ ಎಂದು ಹೇಳಬೇಕು.

ಇದಾಗದೆ ನಾನು ಅವರ ಮಂಚದ ಬದಿ ಬಿಟ್ಟು ಏಳುವುದಿಲ್ಲ. ಸೆಕ್ಯುರಿಟಿಯವರನ್ನು ಕರೆಸಿ, ಪೊಲೀಸರನ್ನು ಕರೆಸಿ, ಎಳೆದಾಡಿಸಿ. ಇಷ್ಟಕ್ಕೂ ಪುರಸೊತ್ತಿಲ್ಲ ಅನ್ನುವುದಾದರೆ ಒಂದು ಉಪಕಾರ ಮಾಡಿ, ಮೊದಲ ತುತ್ತನ್ನು ತಾವೇ ಉಣ್ಣಿಸಿ. ನಿಮ್ಮ ಕೈಯಲ್ಲಿ ಅವರು ಸತ್ತರೆ, ಹೆಂಡತಿ ಕೊಂದಳು ಎಂದು ಹಾರವಾಡದಲ್ಲಿ ಯಾರೂ ಹೇಳುವುದಿಲ್ಲ.

ಇಂತಿ,
ಸೋಮವಾರ ಗಂಡನಿಗೆ ಮತ್ತೆ ಉಣ್ಣಿಸಬೇಕಾದ
ಹೀರಾ
ಹಾರವಾಡ, ಅಂಕೋಲಾ ತಾಲೂಕು