ಗುಡಿ ಬಾಗಿಲ ಬಾಣಂತಿ

ಹಟ್ಟಿ, ಚಳ್ಳಕೆರೆ ತಾಲ್ಲೂಕು
12.11.2024, ಮಂಗಳವಾರ

ಮಗಳೇ ಶೃತಿ,

ಇಲ್ಲಿ ಎಲ್ಲರೂ ಉಂಡು ಜಗಳವಾಡುವಷ್ಟು ಆರೋಗ್ಯವಾಗಿದ್ದೇವೆ. ನಿನಗೆ ಎಂಟು ತಿಂಗಳು ತುಂಬಿತು. ಕಾಲು ಊದಿದೆಯೋ ಏನೋ ಕೇಳೋಣವೆಂದು ಫೋನ್ ಮಾಡಿದರೆ ಮಾತು ಬಾಣಂತನದ ಜಗಳಕ್ಕೇ ಹೋಗುತ್ತದೆ, ನೀನು ಕಟ್ ಮಾಡುತ್ತೀ. ಕಾಗದ ಕಟ್ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಸಲ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. "ಹೆರಿಗೆ ಚಳ್ಳಕೆರೆ ಆಸ್ಪತ್ರೆಯಾಗೆ ಆಗ್ತೈತೆ, ಸರಿ. ಆಮ್ಯಾಲೆ? ಹಸುಗೂಸು ಎತ್ಕಂಡು ಹಟ್ಟಿ ಹೊರಗಿನ ಗುಡ್ಲಾಗೆ ಬಿದ್ದಿರಬೇಕಾ? ದನ ಮೇಯೋ ಕಾವಲಿಗೆ ಬೇಲಿ ಹಾಕಿದಾಗ ತಾಲ್ಲೂಕು ಕಚೇರಿ ಮುಂದೆ ಮೈಕು ಹಿಡಿದು ಕೂಗಿದ್ಯಲ್ಲವ್ವಾ, ನಿನ್ ಧಿಕ್ಕಾರ ಎಲ್ಲಾ ಕಚೇರಿ ಬಾಗಿಲಿಗೇ ಮುಗೀತಾ?"

ಸರಿಯಾಗಿಯೇ ಅಂದೆ. ಮೊಳಕಾಲ್ಮೂರಿನ ನಿನ್ನ ಮನೆಯಲ್ಲಿ ಮಗ್ಗ ಬಿಟ್ಟರೆ ಕಾಲು ಚಾಚಲು ಜಾಗವಿಲ್ಲ. ಅತ್ತೆ ಇಲ್ಲ. ಅಳಿಯ ರಾಮಾಂಜನೇಯ ಮಗ್ಗ ಬಿಟ್ಟು ನಿನ್ನ ಪಕ್ಕ ಕೂತರೆ ಒಲೆ ಹತ್ತುವುದಿಲ್ಲ. ತವರಿಗೆ ಬರಲೇಬೇಕು. ತವರಿಗೆ ಬಂದರೆ ಬಾಣಂತಿಯೂ ಕೂಸೂ ಸೂತಕ ಕಳೆಯುವ ತನಕ ಹಟ್ಟಿಯಾಚೆ. ಮಳೆ ಬರಲಿ, ಚಳಿ ಬರಲಿ, ನಾಯಿ ಬರಲಿ. ನಿನ್ನನ್ನು ನಾನು ಆ ಗುಡ್ಲಿನಲ್ಲೇ ಮಲಗಿಸಿಕೊಂಡಿದ್ದವಳು. ಅದರ ನೆಲ ಎಷ್ಟು ತಣ್ಣಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಈಗ ಒಂದು ಜೇಡದ ಸುದ್ದಿ ಹೇಳುತ್ತೇನೆ. ನಗಬೇಡ.

ಗುಡಿ ಬೇಲಿಯ ದಿಡ್ಡಿ ಬಾಗಿಲ ಪಕ್ಕ ಕತ್ತಾಳೆ ಇದೆಯಲ್ಲ, ನಾವು ಹೆಂಗಸರು ಕಸ ಗುಡಿಸಲು ಅಲ್ಲಿಯವರೆಗೆ ಮಾತ್ರ ಹೋಗಬಹುದಾದ ಜಾಗ. ದಸರಾಕ್ಕೆ ಮುಂಚೆ ಆ ಕತ್ತಾಳೆಯಿಂದ ದಿಡ್ಡಿ ಗೂಟಕ್ಕೆ ಅಡ್ಡಲಾಗಿ ಒಂದು ಜೇಡ ಬಲೆ ಕಟ್ಟಿತು. ಹಳದಿ ಪಟ್ಟೆಯ ದೊಡ್ಡ ಹೊಟ್ಟೆ. ಬಲೆಯ ನಡುವೆ ಬಿಳಿ ನೂಲಿನಲ್ಲಿ ಗುಣಿಸುವ ಗುರುತು ಹೆಣೆದು, ಅದರ ಮೇಲೆ ಕಾಲು ಜೋಡಿಸಿಕೊಂಡು ತಲೆಕೆಳಗಾಗಿ ಕೂತಿತ್ತು. ರೇಷ್ಮೆ ಸುತ್ತುವವಳು ನೀನು, ನೋಡಿದ್ದರೆ ಕೆಲಸಗಾತಿ ಅನ್ನುತ್ತಿದ್ದೆ.

ನಿನ್ನ ಚಿಕ್ಕಪ್ಪ ಚಂದ್ರಣ್ಣ ಬಲೆ ಕೀಳಲು ಕೋಲೆತ್ತಿದ. ನಿಮ್ಮಪ್ಪ ತಡೆದರು. "ಲೇ ಚಂದ್ರಾ, ಕೋಲು ಇಳಿಸಲೇ. ಬಸುರಿ ಐತೆ ಅದು. ಸುತ್ತು ಹಾಕ್ಕಂಡು ಹೋಗಾಕೆ ನಿನ್ ಕಾಲೇನು ಸವೀತಾವಾ?" ಗುಡಿಯ ಪೂಜಾರಿಯಾಗಿ ಅವರೇ ಹೇಳಿದ ಮೇಲೆ ಮುಗಿಯಿತು. ಗಂಡಸರೆಲ್ಲ ಹಿಂದಿನ ಸಂದಿಯಿಂದ ನುಸುಳತೊಡಗಿದರು.

ಅಲ್ಲೇ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಜೇಡದ ಬಾಣಂತನ ನಾನೇ ವಹಿಸಿಕೊಂಡೆ. ಆಡುಗಳು ಬಾಯಿ ಹಾಕದಂತೆ ಜಾಲಿ ಮುಳ್ಳು ತಂದು ಬೇಲಿಗೆ ಸೇರಿಸಿ ಒತ್ತಾಗಿ ಕಟ್ಟಿದೆ. ಇರುವೆ ಹತ್ತದಂತೆ ಬುಡಕ್ಕೆ ಒಲೆಬೂದಿ ಹಾಕಿದೆ. ಮಿಡತೆ ಹಿಡಿದು ಬಲೆಗೆ ಎಸೆದರೆ ಗಬಕ್ಕನೆ ಬಂದು ಸುತ್ತಿಬಿಡುತ್ತಿತ್ತು. ಒಂದು ಬೆಳಿಗ್ಗೆ ನೋಡುತ್ತೇನೆ, ಎಲೆಯ ಮರೆಯಲ್ಲಿ ಮೊಟ್ಟೆ ಚೀಲ, ಮಾಸಲು ಬಣ್ಣದ ಹತ್ತಿ ಉಂಡೆಯ ಹಾಗೆ. ಜೇಡದ ಹೊಟ್ಟೆ ಬತ್ತಿ ಹೋಗಿತ್ತು. ಚೀಲಕ್ಕೆ ಬಿಸಿಲು ಬೀಳದಿರಲೆಂದು ಈಚಲ ಗರಿಯ ಚಪ್ಪರ ಹಾಕಿದೆ. ಪಕ್ಕದ ಮನೆ ಪಾಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತು ಅಂದಳು: "ನಾನೂ ನಾಕು ಹೆತ್ತೆ ಕಣೇ ರೇಣುಕಿ, ಒಬ್ಬ ಮುಕ್ಕನೂ ಒಂದು ಗರಿ ಅಡ್ಡ ಹಿಡೀಲಿಲ್ಲ. ಈ ಎಂಟು ಕಾಲಿನಾಕಿ ಪುಣ್ಯ ನೋಡು!"

ಆಮೇಲೆ ಮಿಡತೆ ಎಸೆದರೂ ಅದು ಮುಟ್ಟಲಿಲ್ಲ. ದೀಪಾವಳಿ ಹೊತ್ತಿಗೆ ಬಲೆಯಲ್ಲೇ ಒಣಗಿತು. ಚೀಲ ಮಾತ್ರ ಉಳಿಯಿತು. ಅದನ್ನು ಕಾದೆ.

ನಿನ್ನೆ ಬೆಳಿಗ್ಗೆ ಒಡೆಯಿತು. ಸಾಸಿವೆಗಿಂತ ಸಣ್ಣ ಮರಿಗಳು. ನೂಲು ಬಿಟ್ಟುಕೊಂಡು ಗಾಳಿಗೆ ತೇಲಿ ಗುಡಿ ಬಾಗಿಲು, ಗಂಟೆ, ಎಲ್ಲಾ ಕಡೆ. ಪೂಜೆಗೆ ಬಂದ ನಿಮ್ಮಪ್ಪನ ಪೇಟದ ಮೇಲೂ ಇಳಿದವು. ಅವರು ಕೊಡವಲಿಲ್ಲ. ತಲೆ ಬಗ್ಗಿಸಿಕೊಂಡು ಹಾಗೇ ಒಳಗೆ ಹೋಗಿ ದೀಪ ಹಚ್ಚಿ ಬಂದರು. ಹಟ್ಟಿಯ ಹಿರಿಯರೆಲ್ಲ ನಿಂತಿದ್ದರು. ನಾನು ಬಿಡಲಿಲ್ಲ.

"ಏನ್ರೀ ಪೂಜಾರಪ್ಪಾರೆ, ಇವತ್ತು ಹುಟ್ಟಿದ ಕೂಸುಗಳನ್ನ ತಲೆ ಮ್ಯಾಲೆ ಹೊತ್ಕಂಡು ದೇವರ ಮುಂದೆ ಹೋಗಿ ಬಂದ್ರಿ. ಸ್ನಾನ ಬ್ಯಾಡ್ವಾ?"

"ಹುಳಕ್ಕೆಂಥಾ ಸೂತಕ? ನಿಂಗೆ ತಲೆ ಕೆಟ್ಟೈತೆ," ಅಂದರು.

"ಹುಳಕ್ಕೆ ಇಲ್ಲದ ಸೂತಕ ನನ್ ಮಗಳಿಗೆ ಎಲ್ಲಿಂದ ಬಂತು? ಹೇಳ್ರಿ!"

ಒಬ್ಬ ಹಿರಿಯರು ಕೆಮ್ಮಿದರು. ಇನ್ನೊಬ್ಬರು ಹೆಂಗಸರಿಗೆ ಮೈಕು ಕೊಟ್ಟದ್ದೇ ತಪ್ಪಾಯಿತು ಅಂದರು. ಪಾಪಕ್ಕ ನಕ್ಕ ನಗು ಕಾವಲಿನಾಚೆಗೂ ಕೇಳಿಸಿರಬೇಕು.

ಹಿರಿಯರು ಒಪ್ಪಿದರು ಅಂತ ಸುಳ್ಳು ಬರೆಯುವುದಿಲ್ಲ. ಒಪ್ಪಿಲ್ಲ. ನಿಮ್ಮಪ್ಪನೂ ಒಪ್ಪಿದೆ ಅಂದಿಲ್ಲ. ಉಣ್ಣುವಾಗ ಮಾತ್ರ, ಮುದ್ದೆ ಮುರಿಯುತ್ತಾ, ತಟ್ಟೆ ನೋಡಿಕೊಂಡು ಕೇಳಿದರು: "ಒಳಮನೆ ಹಂಚು ಎರಡು ಸರಿದಾವೆ, ಕೂಸಿನ ಮ್ಯಾಲೆ ಗಾಳಿ ಬೀಸಾಕಿಲ್ವಾ?" ಇಂದು ಹಂಚು ಸರಿಮಾಡಲು ಏಣಿ ಹತ್ತಿದ್ದಾರೆ. ಸದ್ಯಕ್ಕೆ ನನಗೆ ಅಷ್ಟು ಸಾಕು.

ನೀನು ಬಾ. ಆಸ್ಪತ್ರೆಯಿಂದ ನೇರ ಒಳಮನೆಗೆ. ಹೊಸ್ತಿಲಲ್ಲಿ ನಾನು ನಿಂತಿರುತ್ತೇನೆ. ಅಡ್ಡ ಬರುವವರು ಮೊದಲು ನನ್ನನ್ನು ದಾಟಲಿ.

ಜಗಳಗಂಟಿ ಅವ್ವ,
ರೇಣುಕಮ್ಮ

ಮರೆತದ್ದು: ಜೇಡಕ್ಕೆ ಹಾಕಿದ ಮುಳ್ಳು, ಗರಿ ಎಲ್ಲಿಂದ ತಂದೆ ಅಂತ ಬರೆಯಲಿಲ್ಲ. ಹೊರಗಿನ ಗುಡ್ಲಿನದು. ದಿನಕ್ಕೊಂದು ಹೊರೆ ಕಿತ್ತು ತಂದೆ, ಪಾಪಕ್ಕನೂ ಕೈಹಾಕಿದಳು. ಈಗ ಅಲ್ಲಿ ನಾಲ್ಕು ಗೂಟ ಬಿಟ್ಟರೆ ಏನೂ ಇಲ್ಲ. ಹೆಂಗಸರಿಗೆಲ್ಲ ಗೊತ್ತು. ಮೈಲಿಗೆ ಅಂತ ಗಂಡಸರು ಆ ದಿಕ್ಕಿಗೆ ಕಣ್ಣೂ ಹಾಯಿಸುವುದಿಲ್ಲವಲ್ಲ, ಒಬ್ಬನಿಗೂ ತಿಳಿದಿಲ್ಲ. ಗುಡ್ಲಿನ ಮುಳ್ಳು ದೇವರ ಬೇಲಿಯಲ್ಲೇ ಇದೆ. ದೇವರು ಇಷ್ಟು ದಿನವಾದರೂ ಏನೂ ಅಂದಿಲ್ಲ. ಮತ್ತೆ ಗುಡ್ಲು ಕಟ್ಟಬೇಕಾದರೆ ದೇವರ ಬೇಲಿಗೆ ಕೈಹಾಕಿ ಆ ಮೈಲಿಗೆ ಮುಳ್ಳನ್ನೇ ಕಿತ್ತು ಹೊರಬೇಕು. ಯಾವ ಗಂಡಸು ಮುಟ್ಟುತ್ತಾನೋ ನೋಡೋಣ.